ನಾರುಗಟ್ಟಿದ ಶ್ವಾಸಕೋಶದಲ್ಲಿ ಕ್ಯಾನ್ಸರ್: ಚಿಕಿತ್ಸೆಗಳನ್ನು ತೂಗಿ ನೋಡುವುದು ಹೇಗೆ?

ಆರೋಗ್ಯವಂತರ ಶ್ವಾಸಕೋಶದಲ್ಲಿ ಎರಡು ಸೆಂಟಿಮೀಟರಿನ ಗಡ್ಡೆ ಸಿಕ್ಕಿ, ಅದು ಬೇರೆಲ್ಲಿಗೂ ಹರಡಿಲ್ಲ ಎಂದು ಗೊತ್ತಾದರೆ ಮಾತು ಬೇಗ ಮುಗಿಯುತ್ತದೆ. ಆಪರೇಷನ್ ಮಾಡಿ ತೆಗೆಯೋಣ ಎನ್ನುತ್ತಾರೆ, ಬಹಳ ಮಂದಿ ಗುಣವೂ ಆಗುತ್ತಾರೆ. ಅದೇ ಗಡ್ಡೆ, ಮೇಲುಭಾಗ ಎಂಫಿಸೀಮಾದಿಂದ ಸವೆದು ಕೆಳಭಾಗ ಫೈಬ್ರೋಸಿಸ್‌ನಿಂದ ನಾರುಗಟ್ಟಿರುವ ಶ್ವಾಸಕೋಶದಲ್ಲಿ ಸಿಕ್ಕರೆ ಲೆಕ್ಕವೇ ಬೇರೆ. ಒಬ್ಬ ವೈದ್ಯರು ಆಪರೇಷನ್ ಎನ್ನುತ್ತಾರೆ, ಇನ್ನೊಬ್ಬರು ಬೇಡವೇ ಬೇಡ, ರೇಡಿಯೇಷನ್ ಸಾಕು ಎನ್ನುತ್ತಾರೆ, ಮೂರನೆಯವರು ಆರು ತಿಂಗಳು ಕಾದು ನೋಡೋಣ ಎನ್ನುತ್ತಾರೆ. ಮೂವರೂ ತಿಳಿದವರೇ ಆಗಿರುತ್ತಾರೆ. ಮನೆಯವರು ಯಾರ ಮಾತು ಹಿಡಿಯಬೇಕೆಂದು ತಿಳಿಯದೆ ಫೈಲು ಹಿಡಿದು ಓಡಾಡುತ್ತಾರೆ.

ಈ ಗೊಂದಲದಲ್ಲಿ ಹಿಡಿದುಕೊಳ್ಳಲು ಒಂದು ಎಳೆ ಇದೆ. ಇಲ್ಲಿ ಚಿಕಿತ್ಸೆಯನ್ನು ಗಡ್ಡೆ ನೋಡಿ ಆರಿಸುವುದಕ್ಕಿಂತ, ಉಳಿದ ಶ್ವಾಸಕೋಶ ಯಾವ ಪೆಟ್ಟನ್ನು ತಾಳಿಕೊಳ್ಳುತ್ತದೆ ಎಂಬುದನ್ನು ನೋಡಿ ಆರಿಸಬೇಕು. ಗಡ್ಡೆಯನ್ನು ಕೊಲ್ಲುವ ದಾರಿಗಳು ಹಲವು ಇವೆ. ಆದರೆ ಒಮ್ಮೆ ಕೆರಳಿದ ಫೈಬ್ರೋಸಿಸ್ ಅನ್ನು ಹಿಂದಕ್ಕೆ ತರುವ ಔಷಧ ಇಲ್ಲ.

ಎರಡು ಕಾಯಿಲೆ ಒಂದೇ ಎದೆಯಲ್ಲಿ

ಎಂಫಿಸೀಮಾ ಎಂದರೆ ಗಾಳಿಚೀಲಗಳ ಗೋಡೆಗಳು ಒಡೆದು ದೊಡ್ಡ ದೊಡ್ಡ ಪೊಳ್ಳುಗಳಾಗುವುದು. ಫೈಬ್ರೋಸಿಸ್ ಎಂದರೆ ಆ ಗೋಡೆಗಳಲ್ಲಿ ಕಲೆ ಕೂತು ದಪ್ಪಗೆ, ಗಡುಸಾಗುವುದು. ಒಂದರಲ್ಲಿ ಶ್ವಾಸಕೋಶ ಉಬ್ಬುತ್ತದೆ, ಇನ್ನೊಂದರಲ್ಲಿ ಮುದುಡುತ್ತದೆ. ಎರಡೂ ಸೇರಿದ ಸ್ಥಿತಿಗೆ ಪ್ರತ್ಯೇಕ ಗುರುತು ಸಿಕ್ಕಿದ್ದು 2005ರಲ್ಲಿ, ಫ್ರಾನ್ಸಿನ ವಿನ್ಸೆಂಟ್ ಕೊಟ್ಟಾಂ ಮತ್ತು ಸಂಗಡಿಗರು 61 ರೋಗಿಗಳ ವಿವರ ಪ್ರಕಟಿಸಿದಾಗ. ಅವರೆಲ್ಲ ಧೂಮಪಾನ ಮಾಡುತ್ತಿದ್ದವರು ಇಲ್ಲವೇ ಹಿಂದೆ ಮಾಡಿದ್ದವರು, ಹೆಚ್ಚುಕಡಿಮೆ ಎಲ್ಲರೂ ಗಂಡಸರು. ಸುಮಾರು ಅರ್ಧ ಮಂದಿಗೆ ಆಗಲೇ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿತ್ತು. 2022ರಲ್ಲಿ ಅಮೆರಿಕ, ಯುರೋಪ್, ಜಪಾನ್ ಮತ್ತು ಲ್ಯಾಟಿನ್ ಅಮೆರಿಕದ ಶ್ವಾಸಕೋಶ ತಜ್ಞರ ಸಂಘಗಳು ಕೂಡಿ ಇದಕ್ಕೊಂದು ಅಳತೆ ಇಟ್ಟವು: ಫೈಬ್ರೋಸಿಸ್ ಜೊತೆಗೆ, ಒಟ್ಟು ಶ್ವಾಸಕೋಶದ ಕನಿಷ್ಠ ಶೇ 5ರಷ್ಟು ಭಾಗದಲ್ಲಿ ಎಂಫಿಸೀಮಾ ಇರಬೇಕು. ಡಾಕ್ಟರುಗಳು ಇದನ್ನು ಸಿಪಿಎಫ್‌ಇ ಎಂದು ಕರೆಯುತ್ತಾರೆ. ರಿಪೋರ್ಟಿನಲ್ಲೂ ಆ ನಾಲ್ಕಕ್ಷರವೇ ಇರುತ್ತದೆ.

ಬರೀ ಸಿಗರೇಟು ಒಂದೇ ಕಾರಣವಾಗಿದ್ದರೆ ಕ್ಯಾನ್ಸರ್ ಎಲ್ಲಿ ಬೇಕಾದರೂ ಬರಬಹುದಿತ್ತು. ಇವರಲ್ಲಿ ಅದು ಹೆಚ್ಚಾಗಿ ಕೆಳಹಾಲೆಯ (ಶ್ವಾಸಕೋಶದ ದೊಡ್ಡ ವಿಭಾಗಗಳಲ್ಲಿ ಕೆಳಗಿನದರ) ಹೊರಅಂಚಿನಲ್ಲಿ, ಕಲೆ ಕೂತ ಜಾಗದ ಒಳಗೆ ಅಥವಾ ಅದರ ಪಕ್ಕದಲ್ಲೇ ಹುಟ್ಟುತ್ತದೆ. ಸ್ಕ್ವಾಮಸ್ ಎಂಬ ಬಗೆಯ ಪಾಲೂ ಇವರಲ್ಲಿ ಜಾಸ್ತಿ. ಮತ್ತೆ ಮತ್ತೆ ಗಾಯವಾಗಿ ಮತ್ತೆ ಮತ್ತೆ ಮಾಯಲು ಹೊರಡುವ ಅಂಗಾಂಶದಲ್ಲಿ ಜೀವಕೋಶಗಳು ಎಡವುವ ಸಂಭವ ಹೆಚ್ಚು. ಹೀಗಾಗಿ ಗಡ್ಡೆಯೂ ಕಲೆಯೂ ಒಂದೇ ಜಾಗದಲ್ಲಿ ಸಿಕ್ಕಿಕೊಂಡಿರುತ್ತವೆ. ಗಡ್ಡೆಗೆ ಕೈ ಹಾಕಿದರೆ ಕಲೆಗೂ ತಾಗುತ್ತದೆ.

ರಿಪೋರ್ಟಿನಲ್ಲಿ ಮೊದಲು ಹುಡುಕಬೇಕಾದ ಸಾಲು

ಉಸಿರಾಟದ ಪರೀಕ್ಷೆಯ ಹಾಳೆಯೊಂದನ್ನು ಎದುರಿಗಿಟ್ಟುಕೊಳ್ಳೋಣ. ಇದು ಉದಾಹರಣೆಗೆಂದು ಬರೆದದ್ದು, ಆದರೆ ಈ ಕಾಯಿಲೆಯವರ ಹಾಳೆ ಇರುವುದೇ ಹೀಗೆ. ಎಫ್‌ವಿಸಿ, ಅಂದರೆ ಪೂರ್ತಿ ಉಸಿರೆಳೆದು ಹೊರಬಿಟ್ಟ ಗಾಳಿ, ಇರಬೇಕಾದುದರ ಶೇ 88. ಎಫ್‌ಇವಿ1, ಅಂದರೆ ಅದರಲ್ಲಿ ಮೊದಲ ಸೆಕೆಂಡಿನಲ್ಲಿ ಬಂದದ್ದು, ಶೇ 84. ಎರಡರ ಅನುಪಾತ 0.73. ಇಷ್ಟನ್ನೇ ನೋಡಿದವರು 'ಪರವಾಗಿಲ್ಲ, ಚೆನ್ನಾಗಿಯೇ ಇದೆ' ಎಂದುಬಿಡುತ್ತಾರೆ. ಕೆಳಗೆ ಇನ್ನೊಂದು ಸಾಲು ಇದೆ: ಡಿಎಲ್‌ಸಿಒ ಶೇ 38.

ಮೊದಲಿನ ಮೂರು ಸಂಖ್ಯೆಗಳು ಗಾಳಿ ಎಷ್ಟು ಒಳಹೋಗಿ ಎಷ್ಟು ಹೊರಬರುತ್ತದೆ ಎಂಬುದನ್ನು ಅಳೆಯುತ್ತವೆ. ಎಂಫಿಸೀಮಾ ಉಬ್ಬಿಸಿದ್ದನ್ನು ಫೈಬ್ರೋಸಿಸ್ ಮುದುಡಿಸುವುದರಿಂದ, ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿ ಅಳತೆ ಸರಿಯಾಗಿ ಕಾಣುತ್ತದೆ. ಆಮ್ಲಜನಕ ಗಾಳಿಯಿಂದ ರಕ್ತಕ್ಕೆ ದಾಟುವ ಶಕ್ತಿಯನ್ನು ಹೇಳುವುದು ಡಿಎಲ್‌ಸಿಒ. ಅಲ್ಲಿ ಎರಡೂ ಕಾಯಿಲೆಗಳು ಸೇರಿಕೊಂಡು ಹೊಡೆಯುತ್ತವೆ, ಮುಚ್ಚಿಡಲು ಏನೂ ಉಳಿಯುವುದಿಲ್ಲ.

ಆಪರೇಷನ್‌ಗೆ ಯೋಗ್ಯರೋ ಅಲ್ಲವೋ ಎಂಬ ನಿರ್ಧಾರ ಎಫ್‌ಇವಿ1 ಮೇಲೆ ಮಾತ್ರ ನಿಂತಿದ್ದರೆ ನಾನಂತೂ ಎರಡನೇ ಅಭಿಪ್ರಾಯ ಕೇಳಿ ಎನ್ನುತ್ತೇನೆ. ಡಿಎಲ್‌ಸಿಒ ಜೊತೆಗೆ ಇನ್ನೂ ಮೂರು ಸಂಗತಿ ಕೈಯಲ್ಲಿರಬೇಕು. ಆರು ನಿಮಿಷ ನಡೆದಾಗ ಆಮ್ಲಜನಕದ ಮಟ್ಟ ಎಲ್ಲಿಗೆ ಇಳಿಯುತ್ತದೆ. ಕೂತಾಗ 95 ಇದ್ದದ್ದು ನಡೆದಾಗ 82ಕ್ಕೆ ಬರುವುದು ಈ ಕಾಯಿಲೆಯಲ್ಲಿ ಅಪರೂಪವಲ್ಲ. ಹೃದಯದ ಎಕೋದಲ್ಲಿ ಬಲಭಾಗದ ಒತ್ತಡ ಎಷ್ಟು. ಮತ್ತು ಸೂಕ್ಷ್ಮ ಸಿಟಿ ಸ್ಕ್ಯಾನಿನಲ್ಲಿ 'ಯುಐಪಿ' ಎಂಬ ಬಗೆಯ ಕಲೆ ಅಥವಾ ಜೇನುಗೂಡಿನಂತೆ ಸಣ್ಣ ಪೊಳ್ಳುಗಳು ಸಾಲುಗಟ್ಟಿರುವ ಜೇನುಗೂಡು ಮಾದರಿ ಇದೆಯೇ. ಕೊನೆಯದು ಬಹಳ ಮುಖ್ಯ. ಮುಂದೆ ಬರುವ ಹೆಚ್ಚುಕಡಿಮೆ ಪ್ರತಿ ಚಿಕಿತ್ಸೆಯ ಅಪಾಯವೂ ಈ ಮಾದರಿ ಇದ್ದವರಲ್ಲಿ ಏರುತ್ತದೆ.

ಎಲ್ಲ ದಾರಿಯಲ್ಲೂ ಕಾದಿರುವ ಅಪಾಯ

ವೈದ್ಯರು 'ಅಕ್ಯೂಟ್ ಎಕ್ಸಾಸರ್ಬೇಷನ್' ಎನ್ನುವುದನ್ನು ನೀವು ಕೇಳಿಸಿಕೊಂಡಿರಬಹುದು. ಫೈಬ್ರೋಸಿಸ್ ಇದ್ದಕ್ಕಿದ್ದಂತೆ ಕೆರಳುವುದು ಅದು. ಒಂದು ತಿಂಗಳೊಳಗೆ ಉಸಿರಾಟ ಗಣನೀಯವಾಗಿ ಹದಗೆಡುತ್ತದೆ, ಸ್ಕ್ಯಾನಿನಲ್ಲಿ ಎರಡೂ ಕಡೆ ಹೊಸದಾಗಿ ಮಸುಕು ಕಾಣುತ್ತದೆ, ಅದಕ್ಕೆ ಹೃದಯ ವೈಫಲ್ಯವಾಗಲಿ ಮೈಯಲ್ಲಿ ನೀರು ತುಂಬಿದ್ದಾಗಲಿ ಕಾರಣವಲ್ಲ ಎಂದು ಖಚಿತವಾಗುತ್ತದೆ. ಆಗ ಸ್ಟೀರಾಯ್ಡ್ ಕೊಡುತ್ತಾರೆ, ಆಮ್ಲಜನಕ ಕೊಡುತ್ತಾರೆ, ಅನೇಕರು ಚೇತರಿಸಿಕೊಳ್ಳುವುದಿಲ್ಲ. ಇದು ತಾನಾಗಿಯೂ ಬರುತ್ತದೆ, ಸೋಂಕಿನಿಂದಲೂ ಬರುತ್ತದೆ. ಆಪರೇಷನ್, ವಿಕಿರಣ, ಕೀಮೋ, ಕೆಲವು ಮಾತ್ರೆಗಳು, ಅಪರೂಪಕ್ಕೆ ಬಯಾಪ್ಸಿ ಕೂಡ ಇದನ್ನು ಎಬ್ಬಿಸಬಲ್ಲವು.

ಆದ್ದರಿಂದ ಪ್ರತಿ ಆಯ್ಕೆಗೂ ಎರಡು ಪ್ರಶ್ನೆ: ಗಡ್ಡೆಯನ್ನು ಎಷ್ಟು ಚೆನ್ನಾಗಿ ಹಿಡಿಯುತ್ತದೆ, ಫೈಬ್ರೋಸಿಸ್ ಅನ್ನು ಎಷ್ಟು ಕೆಣಕುತ್ತದೆ.

ಚಿಕಿತ್ಸೆಗೆ ಮುಂಚೆ: ಬಯಾಪ್ಸಿ ಬೇಕೇ?

ಬೇರೆಯವರಿಗೆ ಇದು ಪ್ರಶ್ನೆಯೇ ಅಲ್ಲ. ಇಲ್ಲಿ ಹೊರಗಿನಿಂದ ಸೂಜಿ ಚುಚ್ಚಿದರೆ, ಎಂಫಿಸೀಮಾದ ಪೊಳ್ಳು ಒಡೆದು ಎದೆಯೊಳಗೆ ಗಾಳಿ ಸೋರಿ ಶ್ವಾಸಕೋಶ ಕುಸಿಯುವ ಸಂಭವ ಹೆಚ್ಚು. ಕ್ಯಾನ್ಸರ್ ಹೊಳೆದು ಕಾಣುವ ಪೆಟ್ ಸ್ಕ್ಯಾನಿನ ಮೇಲೆ ಪೂರ್ತಿ ಭಾರ ಹಾಕುವಂತೆಯೂ ಇಲ್ಲ. ಕಲೆಗಟ್ಟಿದ ಜಾಗವೇ ಒಂದಿಷ್ಟು ಹೊಳೆಯುತ್ತದೆ, ಎದೆಯ ನಡುವಿನ ದುಗ್ಧಗ್ರಂಥಿಗಳು ಕ್ಯಾನ್ಸರ್ ಇಲ್ಲದೆಯೂ ಫೈಬ್ರೋಸಿಸ್‌ನಿಂದಲೇ ಊದಿರುತ್ತವೆ. ಗ್ರಂಥಿ ದೊಡ್ಡದಾಗಿದೆ ಎಂಬ ಒಂದೇ ಕಾರಣಕ್ಕೆ ಕಾಯಿಲೆ ಹರಡಿದೆ ಎಂದು ತೀರ್ಮಾನಿಸಿ ಗುಣವಾಗುವ ಅವಕಾಶ ಕೈಬಿಡುವುದು ದೊಡ್ಡ ನಷ್ಟ. ಎಂಡೋಸ್ಕೋಪಿಯ ತುದಿಯಲ್ಲಿ ಅಲ್ಟ್ರಾಸೌಂಡ್ ಇರುವ ಇಬಸ್ ಪರೀಕ್ಷೆಯಿಂದ ಶ್ವಾಸನಾಳದ ಒಳಗಿನಿಂದಲೇ ಆ ಗ್ರಂಥಿಯ ಚೂರು ತೆಗೆದು ನೋಡಬಹುದು. ಗಡ್ಡೆಯ ವಿಷಯದಲ್ಲಿ, ಸರಣಿ ಸ್ಕ್ಯಾನುಗಳಲ್ಲಿ ಅದು ಬೆಳೆಯುತ್ತಿರುವುದು ಸ್ಪಷ್ಟವಾಗಿದ್ದು ಚುಚ್ಚುವುದು ಅಪಾಯವೆನಿಸಿದರೆ, ಹಲವು ತಜ್ಞರು ಕೂತು ಚರ್ಚಿಸಿ ಬಯಾಪ್ಸಿ ಇಲ್ಲದೆಯೇ ಚಿಕಿತ್ಸೆ ಕೊಡುವುದೂ ಉಂಟು. ಹಳೆಯ ಸ್ಕ್ಯಾನುಗಳ ಸಿಡಿಗಳನ್ನು ಎಸೆಯಬೇಡಿ ಎನ್ನುವುದು ಇದಕ್ಕೇ. ಎರಡು ವರ್ಷ ಹಿಂದಿನ ಚಿತ್ರವೊಂದು ಕೆಲವೊಮ್ಮೆ ಒಂದು ಸೂಜಿಯನ್ನು ತಪ್ಪಿಸುತ್ತದೆ.

ಶಸ್ತ್ರಚಿಕಿತ್ಸೆ

ಗುಣವಾಗುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚಿರುವ ದಾರಿ ಇದು. ತೆಗೆದ ಗಡ್ಡೆಯೂ ಗ್ರಂಥಿಗಳೂ ಸೂಕ್ಷ್ಮದರ್ಶಕದ ಕೆಳಗೆ ಹೋಗುವುದರಿಂದ ಕಾಯಿಲೆ ಯಾವ ಹಂತದಲ್ಲಿದೆ ಎಂಬುದೂ ಖಚಿತವಾಗುತ್ತದೆ. ಆದರೆ ಬೆಲೆಯೂ ಇದೆ.

ಈ ಬಗ್ಗೆ ದೊಡ್ಡ ಲೆಕ್ಕ ಸಿಕ್ಕಿದ್ದು ಜಪಾನಿನಿಂದ. ಫೈಬ್ರೋಸಿಸ್ ಬಗೆಯ ಕಾಯಿಲೆಯೊಂದಿಗೆ ಶ್ವಾಸಕೋಶದ ಕ್ಯಾನ್ಸರ್ ಆಪರೇಷನ್ ಆದ 1,763 ಮಂದಿಯ ದಾಖಲೆಗಳನ್ನು ಅಲ್ಲಿನ ಸರ್ಜನ್ನರು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದರು. ಶೇ 9.3ರಷ್ಟು ಮಂದಿಯಲ್ಲಿ ಫೈಬ್ರೋಸಿಸ್ ಕೆರಳಿತು. ಹಾಗೆ ಕೆರಳಿದವರಲ್ಲಿ ಶೇ 43.9 ಮಂದಿ ತೀರಿಕೊಂಡರು. ಯಾರಿಗೆ ಅಪಾಯ ಹೆಚ್ಚು ಎಂಬುದನ್ನೂ ಅವರು ಗುರುತಿಸಿದರು: ಹಿಂದೆ ಒಮ್ಮೆ ಕೆರಳಿದ್ದವರು, ಸಿಟಿಯಲ್ಲಿ ಯುಐಪಿ ಮಾದರಿ ಇರುವವರು, ಗಂಡಸರು, ಆಪರೇಷನ್‌ಗೆ ಮುಂಚೆಯೇ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದವರು, ರಕ್ತದಲ್ಲಿ ಕೆಎಲ್-6 ಎಂಬ ಅಂಶ ಏರಿರುವವರು, ಶ್ವಾಸಕೋಶದ ಸಾಮರ್ಥ್ಯ ಶೇ 80ಕ್ಕಿಂತ ಕೆಳಗಿರುವವರು, ಮತ್ತು ದೊಡ್ಡ ಭಾಗ ಕತ್ತರಿಸಿದವರು. ಈ ಏಳರಲ್ಲಿ ಸರ್ಜನ್ನರ ಕೈಯಲ್ಲಿರುವುದು ಕೊನೆಯದೊಂದೇ. ಶಸ್ತ್ರಚಿಕಿತ್ಸೆಯ ಒಳಗೂ ಆಯ್ಕೆ ಇದೆ ಎನ್ನುವುದು ಅದಕ್ಕೆ.

ಇಡೀ ಹಾಲೆ ತೆಗೆಯುವುದು ಒಂದು, ಹಾಲೆಯ ಒಂದು ಖಂಡ ಮಾತ್ರ ತೆಗೆಯುವುದು ಇನ್ನೊಂದು, ಗಡ್ಡೆಯ ಸುತ್ತ ಸಣ್ಣ ತುಂಡು ಮಾತ್ರ ಕತ್ತರಿಸುವ 'ವೆಡ್ಜ್' ಮೂರನೆಯದು. ವೆಡ್ಜ್‌ನಲ್ಲಿ ಫೈಬ್ರೋಸಿಸ್ ಕೆರಳುವ ಅಪಾಯ ಕಡಿಮೆ, ಗಡ್ಡೆ ಅದೇ ಜಾಗದಲ್ಲಿ ಮರಳುವ ಸಾಧ್ಯತೆ ಹೆಚ್ಚು. ಎರಡು ಸೆಂಟಿಮೀಟರ್ ಒಳಗಿನ ಗಡ್ಡೆಗಳಿಗೆ ಇಡೀ ಹಾಲೆ ತೆಗೆಯಲೇಬೇಕೆಂದಿಲ್ಲ ಎಂಬುದನ್ನು ಜಪಾನಿನ ದೊಡ್ಡ ಪ್ರಯೋಗವೊಂದು 2022ರಲ್ಲೂ ಅಮೆರಿಕ ಮುಂದಾಗಿ ನಡೆಸಿದ ಇನ್ನೊಂದು 2023ರಲ್ಲೂ ತೋರಿಸಿಕೊಟ್ಟವು. ಆ ಪ್ರಯೋಗಗಳು ಫೈಬ್ರೋಸಿಸ್ ಇರುವವರಿಗೆಂದೇ ನಡೆದವಲ್ಲ. ಆದರೂ ಸಣ್ಣ ಗಡ್ಡೆ, ಕೆಟ್ಟ ಶ್ವಾಸಕೋಶ ಎಂಬ ಜೋಡಿಯಲ್ಲಿ ಕಡಿಮೆ ಕತ್ತರಿಸುವ ಪರವಾಗಿ ಅವು ಬಲವಾದ ಸಾಕ್ಷಿ ಎಂದು ನನ್ನ ಎಣಿಕೆ.

ಹಾಲೆ ಯಾವುದು ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಂಫಿಸೀಮಾದಿಂದ ಪೊಳ್ಳಾಗಿರುವ ಮೇಲುಹಾಲೆಯಲ್ಲೇ ಗಡ್ಡೆ ಇದ್ದರೆ, ಹೇಗೂ ಕೆಲಸ ಮಾಡದ ಭಾಗವೇ ಹೋಗುತ್ತದೆ. ಆಪರೇಷನ್ ಆದ ಮೇಲೂ ಉಸಿರು ಅಷ್ಟೊಂದು ಕುಗ್ಗುವುದಿಲ್ಲ. ಕೆಳಹಾಲೆಯಲ್ಲಿದ್ದರೆ ಹಾಗೆನ್ನಲಾಗದು. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂಬುದನ್ನು ರಕ್ತಹರಿವಿನ ಸ್ಕ್ಯಾನ್ ಒಂದರಿಂದ ತಿಳಿಯಬಹುದು. ಅದರ ಆಧಾರದಲ್ಲಿ ಆಪರೇಷನ್ ನಂತರ ಉಳಿಯುವ ಎಫ್‌ಇವಿ1 ಮತ್ತು ಡಿಎಲ್‌ಸಿಒ ಎಷ್ಟೆಂದು ಮೊದಲೇ ಅಂದಾಜು ಮಾಡುತ್ತಾರೆ. ಎರಡೂ ಶೇ 60ಕ್ಕಿಂತ ಮೇಲಿದ್ದರೆ ನಿಶ್ಚಿಂತೆ. ಯಾವುದಾದರೂ ಒಂದು 30ಕ್ಕಿಂತ ಕೆಳಗೆ ಹೋದರೆ ಸೈಕಲ್ ತುಳಿಸಿ ಆಮ್ಲಜನಕ ಬಳಕೆ ಅಳೆಯುವ ಪರೀಕ್ಷೆ ಬೇಕು; ಅಲ್ಲಿ ಕೆಜಿ ತೂಕಕ್ಕೆ ನಿಮಿಷಕ್ಕೆ 10 ಮಿಲಿಲೀಟರ್ ಕೂಡ ದಾಟದಿದ್ದರೆ ಆಪರೇಷನ್ ಆಸೆ ಬಿಡುವುದೇ ಲೇಸು. ನಡುವಿನವರನ್ನು ಮೆಟ್ಟಿಲು ಹತ್ತಿಸಿ ನೋಡುತ್ತಾರೆ. ಈ ಗೆರೆಗಳನ್ನು ಎಳೆದದ್ದು ಸಾಮಾನ್ಯ ಕ್ಯಾನ್ಸರ್ ರೋಗಿಗಳನ್ನು ನೋಡಿ ಎಂಬುದು ನೆನಪಿರಲಿ. ಫೈಬ್ರೋಸಿಸ್ ಇದ್ದವರು ಗೆರೆಯ ಮೇಲಿದ್ದರೂ ಕೆರಳುವ ಅಪಾಯದಿಂದ ಹೊರಗಿಲ್ಲ.

ಅರಿವಳಿಕೆ ಕೊಡುವವರ ಪಾತ್ರವನ್ನು ಮನೆಯವರು ಸಾಮಾನ್ಯವಾಗಿ ಮರೆಯುತ್ತಾರೆ. ಆಪರೇಷನ್ ಹೊತ್ತಿನಲ್ಲಿ ಒಂದು ಶ್ವಾಸಕೋಶವನ್ನು ಮುಚ್ಚಿ, ಇನ್ನೊಂದಕ್ಕೇ ಯಂತ್ರದಿಂದ ಗಾಳಿ ತುಂಬುತ್ತಾರೆ. ಆ ಗಾಳಿಯ ಒತ್ತಡ ಹೆಚ್ಚಾದರೆ, ಆಮ್ಲಜನಕ ಅಗತ್ಯಕ್ಕಿಂತ ಮಿಗಿಲಾದರೆ, ಡ್ರಿಪ್ಪಿನ ನೀರು ಅತಿಯಾದರೆ ಕೆಲಸ ಮಾಡುತ್ತಿರುವ ಶ್ವಾಸಕೋಶಕ್ಕೇ ಪೆಟ್ಟು. ಫೈಬ್ರೋಸಿಸ್ ರೋಗಿಗಳನ್ನು ನೋಡಿ ಅಭ್ಯಾಸವಿರುವ ತಂಡವನ್ನೇ ಹುಡುಕುವುದು ದುಬಾರಿ ರೋಬೋಟನ್ನು ಹುಡುಕುವುದಕ್ಕಿಂತ ಮುಖ್ಯ. ಎಂಫಿಸೀಮಾದ ಪಾಲಿನ ಕಿರಿಕಿರಿಯೂ ಇದ್ದೇ ಇರುತ್ತದೆ: ಹೊಲಿದ ಜಾಗದಿಂದ ಗಾಳಿ ಸೋರುವುದು ಬೇಗ ನಿಲ್ಲದೆ, ಎದೆಗೆ ಹಾಕಿದ ನಳಿಗೆ ದಿನಗಟ್ಟಲೆ ಉಳಿಯಬಹುದು.

ಗುರಿಯಿಟ್ಟ ರೇಡಿಯೇಷನ್: ಎಸ್‌ಬಿಆರ್‌ಟಿ

ಆಪರೇಷನ್ ಬೇಡ ಎಂದಾದಾಗ ಮೊದಲು ಕೇಳಿಬರುವ ಹೆಸರು. ಹಲವು ದಿಕ್ಕಿನಿಂದ ತೆಳುವಾದ ಕಿರಣಗಳನ್ನು ಹಾಯಿಸಿ, ಅವು ಕೂಡುವ ಜಾಗದಲ್ಲಿ ಮಾತ್ರ ಬಲವಾದ ಡೋಸ್ ಬೀಳುವಂತೆ ಮಾಡುತ್ತಾರೆ. ಕೊಯ್ತ ಇಲ್ಲ, ಅರಿವಳಿಕೆ ಇಲ್ಲ, ಕೆಲವೇ ಸಲ ಹೋಗಿಬಂದರೆ ಮುಗಿಯಿತು. ಆರಂಭದ ಗಡ್ಡೆಯನ್ನು ಅಲ್ಲೇ ಹಿಡಿದಿಡುವುದರಲ್ಲಿ ಇದು ಗಟ್ಟಿಗ.

ಹೀಗಾಗಿ ಇದು ನಿರಪಾಯ ಎಂದು ಜನ ತಿಳಿಯುತ್ತಾರೆ. ಆ ತಿಳಿವಳಿಕೆ ಸರಿಯಲ್ಲ. ಗಡ್ಡೆಯ ಸುತ್ತಲಿನ ಶ್ವಾಸಕೋಶಕ್ಕೂ ಒಂದಿಷ್ಟು ವಿಕಿರಣ ತಗುಲುತ್ತದೆ. ಬೇರೆಯವರಲ್ಲಿ ಅದು ಸಣ್ಣ ಉರಿಯೂತವಾಗಿ ಹೋಗುತ್ತದೆ, ಇವರಲ್ಲಿ ಎರಡೂ ಕಡೆಗೆ ಹಬ್ಬಬಹುದು. ಅದೂ ತಡವಾಗಿ: ಚಿಕಿತ್ಸೆ ಮುಗಿದು ಎಲ್ಲರೂ ನಿರಾಳವಾದ ಮೇಲೆ, ವಾರಗಳು ಅಥವಾ ತಿಂಗಳುಗಳು ಕಳೆದು.

ಹಳೆಯ ವರದಿಗಳನ್ನೆಲ್ಲ ಒಟ್ಟಿಗಿಟ್ಟು ನೋಡಿದ 2017ರ ಪರಾಮರ್ಶೆಯೊಂದರಲ್ಲಿ, ಚಿಕಿತ್ಸೆಯಿಂದಲೇ ಆದ ಸಾವು ಶಸ್ತ್ರಚಿಕಿತ್ಸೆಯಲ್ಲಿ ಸುಮಾರು ಶೇ 2, ಎಸ್‌ಬಿಆರ್‌ಟಿಯಲ್ಲಿ ಸುಮಾರು ಶೇ 16 ಎಂದು ಬಂತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು 'ಹಾಗಾದರೆ ಆಪರೇಷನ್ನೇ ಸುರಕ್ಷಿತ' ಎಂದುಕೊಂಡರೆ ಮೋಸಹೋದಂತೆ. ಆಪರೇಷನ್ ಟೇಬಲ್ ತನಕ ಹೋಗುವವರು ಇದ್ದುದರಲ್ಲಿ ಗಟ್ಟಿಮುಟ್ಟಾದವರು. ರೇಡಿಯೇಷನ್‌ಗೆ ಬರುವವರು ಆಪರೇಷನ್ ಆಗದು ಎಂದು ವಾಪಸಾದವರು. ಎರಡು ಬೇರೆ ಬೇರೆ ಗುಂಪುಗಳ ಲೆಕ್ಕ ಅದು. ಇಂಟರ್ನೆಟ್ಟಿನಲ್ಲಿ ಸಿಗುವ ಹೋಲಿಕೆಗಳಲ್ಲಿ ಈ ಒಂದು ಮಾತು ಹೆಚ್ಚಾಗಿ ಬಿಟ್ಟುಹೋಗಿರುತ್ತದೆ.

ಫೈಬ್ರೋಸಿಸ್ ಬಗೆಯ ಕಾಯಿಲೆ ಇರುವವರಿಗೆಂದೇ ಯೋಜಿಸಿದ ಆಸ್ಪೈರ್-ಐಎಲ್‌ಡಿ ಎಂಬ ಪ್ರಯೋಗ ಕೆನಡಾ ಮತ್ತು ಸ್ಕಾಟ್‌ಲೆಂಡಿನಲ್ಲಿ ನಡೆದು 2024ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 39 ಮಂದಿ. ಒಟ್ಟು 50 ಗ್ರೇ (ವಿಕಿರಣದ ಅಳತೆ) ಡೋಸನ್ನು ಐದು ಕಂತಿನಲ್ಲಿ, ದಿನ ಬಿಟ್ಟು ದಿನ ಕೊಟ್ಟರು. ಒಂದು ವರ್ಷದ ನಂತರ ಶೇ 79 ಮಂದಿ ಬದುಕಿದ್ದರು. ಮೂವರ ಸಾವಿಗೆ ಚಿಕಿತ್ಸೆಯೇ ಕಾರಣವಾಗಿರಬಹುದು ಎಂದು ದಾಖಲಾಯಿತು. ಅಂದರೆ ಹದಿಮೂರರಲ್ಲಿ ಒಬ್ಬರು. ಆಪರೇಷನ್ ಆಗದವರಿಗೆ ಇದು ಒಪ್ಪಬಹುದಾದ ಅಪಾಯ ಎಂದು ಸಂಶೋಧಕರು ಕಂಡರು. ಒಪ್ಪುವುದೋ ಬಿಡುವುದೋ ರೋಗಿಗೆ ಸೇರಿದ್ದು, ಆದರೆ ಈ ಸಂಖ್ಯೆಯನ್ನು ಮೊದಲೇ ಅವರ ಮುಂದಿಡಬೇಕು.

ಪ್ರೋಟಾನ್ ಅಥವಾ ಕಾರ್ಬನ್ ಅಯಾನ್ ಚಿಕಿತ್ಸೆಯಲ್ಲಿ ಕಿರಣ ಗಡ್ಡೆಯ ಆಚೆಗೆ ಹೆಚ್ಚು ಸಾಗದೆ ಅಲ್ಲೇ ನಿಲ್ಲುವುದರಿಂದ ಉಳಿದ ಭಾಗಕ್ಕೆ ತಗುಲುವುದು ಕಡಿಮೆ. ಸಿಗುವ ಕಡೆ ವಿಚಾರಿಸುವುದರಲ್ಲಿ ತಪ್ಪಿಲ್ಲ. ಕೇಂದ್ರಗಳು ಮಾತ್ರ ಬೆರಳೆಣಿಕೆ. ಗಡ್ಡೆ ದೊಡ್ಡದಾಗಿ ಎದೆಯ ಗ್ರಂಥಿಗಳಿಗೂ ಹರಡಿದಾಗ ಆರು ವಾರ ಕೊಡುವ ಮಾಮೂಲಿ ರೇಡಿಯೇಷನ್ ಇದೆಯಲ್ಲ, ಅದರ ಕಥೆ ಬೇರೆ. ಅಗಲವಾದ ಜಾಗಕ್ಕೆ ಕಿರಣ ಬೀಳುವ ಆ ಚಿಕಿತ್ಸೆಯನ್ನು ಜೇನುಗೂಡು ಮಾದರಿ ಇರುವವರಲ್ಲಿ ಹೆಚ್ಚಿನ ತಜ್ಞರು ದೂರವೇ ಇಡುತ್ತಾರೆ.

ಸೂಜಿ ತೂರಿಸಿ ಸುಡುವುದು

ಸಿಟಿ ನೋಡುತ್ತ ಚರ್ಮದ ಮೂಲಕ ಸೂಜಿ ಇಳಿಸಿ, ಗಡ್ಡೆಯನ್ನು ಬಿಸಿಯಿಂದ ಸುಡುವುದು ಅಥವಾ ಹೆಪ್ಪುಗಟ್ಟಿಸುವುದು. ಸುತ್ತಲಿನ ಶ್ವಾಸಕೋಶಕ್ಕೆ ವಿಕಿರಣ ತಗುಲುವುದಿಲ್ಲ ಎಂಬುದು ಇದರ ಹೆಚ್ಚುಗಾರಿಕೆ. ಎಂಫಿಸೀಮಾ ಇದ್ದಲ್ಲಿ ಶ್ವಾಸಕೋಶ ಕುಸಿಯುವ ಭಯ ಇಲ್ಲೂ ಇದ್ದೇ ಇದೆ, ಫೈಬ್ರೋಸಿಸ್ ಕೆರಳಿ ಸಾವಾಗಿರುವ ವರದಿಗಳೂ ಇವೆ. ಮೇಲೆ ಹೇಳಿದ 2017ರ ಪರಾಮರ್ಶೆಯಲ್ಲಿ ಸಾವಿನ ಪ್ರಮಾಣ ಶೇ 9ರ ಹತ್ತಿರ ಇತ್ತು, ಅದೂ ಕಡಿಮೆ ರೋಗಿಗಳ ಲೆಕ್ಕದಲ್ಲಿ. ರೇಡಿಯೇಷನ್ ಕೊಡಲಾಗದ ಕಾರಣವೊಂದು ಇದ್ದರೆ ಮಾತ್ರ ಇದನ್ನು ಮುಂದಕ್ಕೆ ತರುವೆ.

ಕಾದು ನೋಡುವುದು

ಈ ಆಯ್ಕೆಯ ಹೆಸರೆತ್ತಿದರೆ ಮನೆಯವರಿಗೆ ಸಿಟ್ಟು ಬರುತ್ತದೆ, 'ಕೈಬಿಟ್ಟರು' ಎಂದುಕೊಳ್ಳುತ್ತಾರೆ. ಕೂತಲ್ಲೇ ಆಮ್ಲಜನಕ ಬೇಕಾಗಿರುವ, ಡಿಎಲ್‌ಸಿಒ ಅಳೆಯಲೂ ಆಗದಷ್ಟು ಕುಸಿದಿರುವ ವ್ಯಕ್ತಿಯಲ್ಲಿ ಒಂದು ಸೆಂಟಿಮೀಟರಿನ, ನಿಧಾನವಾಗಿ ಬೆಳೆಯುವ ಗಡ್ಡೆ ಸಿಕ್ಕಿದೆ ಎನ್ನಿ. ಅವರ ಆಯುಸ್ಸನ್ನು ತೀರ್ಮಾನಿಸುವುದು ಫೈಬ್ರೋಸಿಸ್; ಗಡ್ಡೆಗೆ ಅಷ್ಟು ಹೊತ್ತು ಸಿಗದೇ ಹೋಗಬಹುದು. ಐಪಿಎಫ್ ಎಂಬ ಫೈಬ್ರೋಸಿಸ್‌ನಲ್ಲಿ, ಕ್ಯಾನ್ಸರ್ ಇಲ್ಲದೆಯೇ, ಚಿಕಿತ್ಸೆ ಇಲ್ಲದಿದ್ದರೆ ಪತ್ತೆಯಾದ ಮೇಲಿನ ಸರಾಸರಿ ಬದುಕು ಮೂರರಿಂದ ಐದು ವರ್ಷ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡುತ್ತ, ಗಡ್ಡೆ ವೇಗ ಹಿಡಿದರೆ ಮಾತ್ರ ಕೈಹಾಕುವುದು ಅಂಥವರಿಗೆ ಸರಿಯಾದ ನಿರ್ಧಾರವೇ. ಚೆನ್ನಾಗಿ ನಡೆದಾಡುವ ಮನುಷ್ಯನಿಗೆ, ಬೆಳೆಯುತ್ತಿರುವ ಗಡ್ಡೆಗೆ ಇದನ್ನೇ ಹೇಳಿದರೆ ಮಾತ್ರ ಒಪ್ಪಬೇಡಿ.

ಶ್ವಾಸಕೋಶ ಕಸಿ ಮಾಡಿಸಿಬಿಟ್ಟರೆ ಎರಡೂ ಹೋಗುವುದಲ್ಲ ಎಂದು ಕೇಳುವವರಿದ್ದಾರೆ. ಕ್ಯಾನ್ಸರ್ ಇರುವಾಗ ಸಾಮಾನ್ಯವಾಗಿ ಕಸಿ ಮಾಡುವುದಿಲ್ಲ. ಕಸಿಯ ನಂತರದ ಔಷಧಗಳು ರೋಗನಿರೋಧಕ ಶಕ್ತಿಯನ್ನು ಅಡಗಿಸಿ ಉಳಿದ ಕ್ಯಾನ್ಸರಿಗೆ ದಾರಿ ಮಾಡಿಕೊಡುತ್ತವೆ.

ಹರಡಿದ ಮೇಲೆ: ಕೀಮೋ, ಇಮ್ಯುನೊಥೆರಪಿ, ಮಾತ್ರೆ

ಇಲ್ಲಿ ಸಾಮಾನ್ಯ ರೋಗಿಗಳ ಪಟ್ಟಿ ತಲೆಕೆಳಗಾಗುತ್ತದೆ. ಇಂದು ಹರಡಿದ ಶ್ವಾಸಕೋಶ ಕ್ಯಾನ್ಸರ್ ಎಂದ ಕೂಡಲೇ ಇಮ್ಯುನೊಥೆರಪಿ (ಮೈಯ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡುವ ಔಷಧ), ಟಾರ್ಗೆಟೆಡ್ ಮಾತ್ರೆ (ಗಡ್ಡೆಯ ನಿರ್ದಿಷ್ಟ ಜೀನ್ ಬದಲಾವಣೆಗೆ ಗುರಿಯಿಟ್ಟದ್ದು) ಎನ್ನುತ್ತಾರೆ, ಕೀಮೋ ಹಳೆಯದಾಯಿತು ಎನ್ನುತ್ತಾರೆ. ಫೈಬ್ರೋಸಿಸ್ ಇರುವವರಲ್ಲಿ ಹೆಚ್ಚು ಅನುಭವ ಇರುವುದು ಆ ಹಳೆಯ ಕೀಮೋದಲ್ಲೇ. ಕಾರ್ಬೋಪ್ಲಾಟಿನ್ ಜೊತೆ ಪ್ಯಾಕ್ಲಿಟಾಕ್ಸೆಲ್ ಅಥವಾ ನ್ಯಾಬ್-ಪ್ಯಾಕ್ಲಿಟಾಕ್ಸೆಲ್ ಕೊಡುವುದು ಹೆಚ್ಚು ರೂಢಿ. ಐಪಿಎಫ್ ಮತ್ತು ಕ್ಯಾನ್ಸರ್ ಎರಡೂ ಇರುವ 243 ಮಂದಿಯ ಮೇಲೆ ಜಪಾನಿನಲ್ಲಿ ಜೆ-ಸೋನಿಕ್ ಎಂಬ ಪ್ರಯೋಗ ನಡೆಯಿತು. ಆ ಕೀಮೋಗೆ ಫೈಬ್ರೋಸಿಸ್ ಔಷಧವಾದ ನಿಂಟೆಡಾನಿಬ್ ಸೇರಿಸಿದರೆ ಕೆರಳುವುದು ತಡವಾಗುತ್ತದೆಯೇ ಎಂದು ನೋಡಿದರು. ಎದ್ದುಕಾಣುವ ವ್ಯತ್ಯಾಸ ಸಿಗಲಿಲ್ಲ. ಆದರೆ ಈ ರೋಗಿಗಳಿಗೂ ಕೀಮೋ ಕೊಡಬಹುದು ಎಂಬ ಧೈರ್ಯ ಅದರಿಂದ ಬಂತು. ಫೈಬ್ರೋಸಿಸ್ ಅನ್ನು ಕೆಣಕಬಲ್ಲ ಕೀಮೋ ಔಷಧಗಳಾದ ಡೋಸಿಟ್ಯಾಕ್ಸೆಲ್, ಜೆಮ್‌ಸಿಟಾಬಿನ್, ಇರಿನೊಟೆಕಾನ್ ಹೆಸರು ಚೀಟಿಯಲ್ಲಿ ಕಂಡರೆ 'ಇವರಿಗೆ ಫೈಬ್ರೋಸಿಸ್ ಇದೆ, ಇದು ಸರಿಯೇ?' ಎಂದು ಕೇಳಲು ಸಂಕೋಚ ಬೇಡ.

ಇಮ್ಯುನೊಥೆರಪಿಯ ಅನುಭವ ಎರಡು ಬಗೆಯದು. ಫೈಬ್ರೋಸಿಸ್ ಅಲ್ಪವಾಗಿದ್ದ ಕೆಲವರು ತಾಳಿಕೊಂಡಿದ್ದಾರೆ. ಅಟೆಜೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಕೊಟ್ಟ ಜಪಾನಿನ ಪ್ರಯೋಗವೊಂದನ್ನು ಮಾತ್ರ 17 ರೋಗಿಗಳಿಗೇ ನಿಲ್ಲಿಸಬೇಕಾಯಿತು. ಹತ್ತರಲ್ಲಿ ಮೂವರ ಪ್ರಮಾಣದಲ್ಲಿ ಶ್ವಾಸಕೋಶದ ಉರಿಯೂತ ಕಾಣಿಸಿಕೊಂಡಿತ್ತು, ತೀವ್ರವಾದದ್ದು ಹೆಚ್ಚಾಗಿ ಜೇನುಗೂಡು ಮಾದರಿ ಇದ್ದವರಲ್ಲಿ. ಜೇನುಗೂಡು ಇಲ್ಲ, ಕಾಯಿಲೆ ಸ್ಥಿರವಾಗಿದೆ, ಬೇರೆ ದಾರಿ ಮುಗಿದಿದೆ ಎಂದಾಗ ಯೋಚಿಸಬಹುದು. ಮೊದಲ ಹೆಜ್ಜೆಯಾಗಿ ಇಡಲು ನನಗಂತೂ ಮನಸ್ಸು ಒಪ್ಪದು.

ಟಾರ್ಗೆಟೆಡ್ ಮಾತ್ರೆಗಳ ವಿಷಯದಲ್ಲಿ ಇತಿಹಾಸವೇ ಎಚ್ಚರಿಸುತ್ತದೆ. 2002ರಲ್ಲಿ ಜೆಫಿಟಿನಿಬ್ ಎಂಬ ಅಂಥ ಮಾತ್ರೆಗೆ ಜಪಾನಿನಲ್ಲಿ ಅನುಮತಿ ಸಿಕ್ಕ ಕೆಲವೇ ತಿಂಗಳಲ್ಲಿ, ಶ್ವಾಸಕೋಶ ಕೆರಳಿ ಸಾವುಗಳಾಗುತ್ತಿವೆ ಎಂದು ತುರ್ತು ಎಚ್ಚರಿಕೆ ಹೊರಡಿಸಬೇಕಾಯಿತು. ಮೊದಲೇ ಫೈಬ್ರೋಸಿಸ್ ಇದ್ದವರಿಗೆ ಅಪಾಯ ಹೆಚ್ಚು ಎಂಬುದು ಆಮೇಲೆ ಗೊತ್ತಾಯಿತು. ಆ ಮಾತ್ರೆಗೆ ಬಗ್ಗುವ, ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಫೈಬ್ರೋಸಿಸ್ ರೋಗಿಗಳ ಗಡ್ಡೆಗಳಲ್ಲಿ ಸಿಗುವುದೂ ವಿರಳ. ಜೀನ್ ಪರೀಕ್ಷೆ ಮಾಡಿಸಿ. ರಿಪೋರ್ಟ್ ಬರುವ ಮುಂಚೆ ಅಂದಾಜಿನ ಮೇಲೆ ಮಾತ್ರೆ ಶುರುಮಾಡಿಸಬೇಡಿ.

ಮೂವರನ್ನು ಎದುರಿಗಿಟ್ಟುಕೊಂಡರೆ

ಮೂವರನ್ನು ಕಲ್ಪಿಸಿಕೊಳ್ಳೋಣ. ಎಲ್ಲರ ಗಡ್ಡೆಯೂ 1.8 ಸೆಂಟಿಮೀಟರ್, ಯಾರಲ್ಲೂ ಹರಡಿಲ್ಲ.

ಮೊದಲನೆಯವರಿಗೆ 64 ವರ್ಷ, ಡಿಎಲ್‌ಸಿಒ 62, ಗಡ್ಡೆ ಎಂಫಿಸೀಮಾದ ಮೇಲುಹಾಲೆಯಲ್ಲಿ, ಫೈಬ್ರೋಸಿಸ್ ತೆಳುವಾಗಿದೆ, ಜೇನುಗೂಡು ಇಲ್ಲ. ಇವರು ಆಪರೇಷನ್‌ಗೆ ಹೋಗಲಿ, ಸಾಧ್ಯವಾದರೆ ಖಂಡ ಮಾತ್ರ ತೆಗೆಸಿಕೊಳ್ಳಲಿ. ಇವರನ್ನು ಹೆದರಿಸಿ ರೇಡಿಯೇಷನ್‌ಗೆ ಕಳಿಸುವುದು ಅನ್ಯಾಯ.

ಎರಡನೆಯವರು ಮೇಲಿನ ಹಾಳೆಯವರೇ: ಡಿಎಲ್‌ಸಿಒ 38, ಗಡ್ಡೆ ಬಲ ಕೆಳಹಾಲೆಯ ಅಂಚಿನಲ್ಲಿ, ಜೇನುಗೂಡು ಇದೆ, ನಡೆದರೆ ಆಮ್ಲಜನಕ ಇಳಿಯುತ್ತದೆ. ಹಾಲೆ ತೆಗೆಯುವುದು ಇವರಿಗೆ ಬೇಡ. ಉಳಿಯುವುದು ವೆಡ್ಜ್ ಅಥವಾ ಎಸ್‌ಬಿಆರ್‌ಟಿ, ಮತ್ತು ಕಷ್ಟವಾದ ಆಯ್ಕೆ ಇದೇ. ವೆಡ್ಜ್‌ನಲ್ಲಿ ಅಪಾಯವೆಲ್ಲ ಮೊದಲ ತಿಂಗಳಲ್ಲಿ ಕೂಡಿಬರುತ್ತದೆ, ಆಮೇಲೆ ಏನೆಂದು ಗೊತ್ತಾಗಿರುತ್ತದೆ. ಎಸ್‌ಬಿಆರ್‌ಟಿಯಲ್ಲಿ ಆರಂಭ ಸಲೀಸು, ಆತಂಕ ತಿಂಗಳುಗಟ್ಟಲೆ ಹಿಂಬಾಲಿಸುತ್ತದೆ. ಹೃದಯದ ಬಲಭಾಗದ ಒತ್ತಡ ಏರಿದ್ದರೆ ನಾನು ಎಸ್‌ಬಿಆರ್‌ಟಿ ಕಡೆ ವಾಲುವೆ. ಒತ್ತಡ ಸರಿಯಿದ್ದು, ಅನುಭವಿ ಅರಿವಳಿಕೆ ತಂಡ ಇದ್ದು, ಗಡ್ಡೆ ಅಂಚಿನಲ್ಲೇ ಇದ್ದರೆ ವೆಡ್ಜ್ ಬಗ್ಗೆ ಗಂಭೀರವಾಗಿ ಕೇಳುವೆ.

ಮೂರನೆಯವರಿಗೆ 77, ಮನೆಯಲ್ಲೇ ಆಮ್ಲಜನಕ, ಕಳೆದ ವರ್ಷ ಒಮ್ಮೆ ಕೆರಳಿ ಐಸಿಯು ಕಂಡುಬಂದಿದ್ದಾರೆ. ಕಾದು ನೋಡುವುದು, ಜೊತೆಗೆ ಉಸಿರಿನ ಕಷ್ಟವನ್ನು ಇಳಿಸುವ ಉಪಶಮನ ಆರೈಕೆಯವರ ಭೇಟಿ. ಉಪಶಮನ ಎಂದರೆ ಕೊನೆಗಾಲ ಎಂದು ಅರ್ಥವಲ್ಲ. ಸಣ್ಣ ಪ್ರಮಾಣದ ಮಾರ್ಫಿನ್‌ನಿಂದ ಏದುಸಿರು ಹತೋಟಿಗೆ ಬಂದು ಕೆಲವರಾದರೂ ಹಾಯಾಗಿ ಊಟ ಮಾಡುತ್ತಾರೆ.

ಯಾವುದನ್ನೇ ಆರಿಸಿದರೂ

ಸಿಗರೇಟು ಇನ್ನೂ ನಡೆಯುತ್ತಿದ್ದರೆ ಇಂದೇ ನಿಲ್ಲಲಿ. ಫೈಬ್ರೋಸಿಸ್‌ಗೆ ಪಿರ್ಫೆನಿಡೋನ್ ತೆಗೆದುಕೊಳ್ಳುವವರಲ್ಲಿ ಧೂಮಪಾನ ಆ ಔಷಧದ ಮಟ್ಟವನ್ನೇ ರಕ್ತದಲ್ಲಿ ಇಳಿಸಿಬಿಡುತ್ತದೆ. ಆಪರೇಷನ್ ಸಮಯದಲ್ಲಿ ಪಿರ್ಫೆನಿಡೋನ್ ಕೊಟ್ಟರೆ ಕೆರಳುವುದು ಕಡಿಮೆಯಾಗಬಹುದು ಎಂದು ಜಪಾನಿನ ಸಣ್ಣ ಪ್ರಯೋಗವೊಂದು ಸೂಚಿಸಿದೆ. ನಿಮ್ಮ ತಂಡದವರು ಏನೆನ್ನುತ್ತಾರೆ ಎಂದು ಕೇಳಿ. ನಿಂಟೆಡಾನಿಬ್ ತೆಗೆದುಕೊಳ್ಳುತ್ತಿದ್ದರೆ, ಅದು ರಕ್ತಸ್ರಾವ ಮತ್ತು ಗಾಯ ಮಾಯುವುದರ ಮೇಲೆ ಪರಿಣಾಮ ಬೀರಬಲ್ಲದು, ಆದ್ದರಿಂದ ಆಪರೇಷನ್‌ಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಬರೆಸಿಕೊಳ್ಳಿ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಚಿಕಿತ್ಸೆಗೆ ಮುಂಚೆಯೇ ಆಗಿಬಿಡಲಿ. ನಿರ್ಧಾರ ಒಬ್ಬರ ಕೋಣೆಯಲ್ಲಿ ಆಗುವುದು ಬೇಡ: ಕ್ಯಾನ್ಸರ್ ತಜ್ಞರು, ಸರ್ಜನ್, ರೇಡಿಯೇಷನ್ ವೈದ್ಯರ ಜೊತೆ ಫೈಬ್ರೋಸಿಸ್ ನೋಡುವ ಶ್ವಾಸಕೋಶ ತಜ್ಞರೂ ಆ ಸಭೆಯಲ್ಲಿ ಇರಬೇಕು.

ಚಿಕಿತ್ಸೆ ಮುಗಿದ ದಿನ ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದು ಮನೆಯಲ್ಲಿರಲಿ. ಕೂತಾಗಿನ ಅಂಕಿಯನ್ನೂ ಕೋಣೆಯಲ್ಲಿ ನಾಲ್ಕು ಸುತ್ತು ನಡೆದ ಮೇಲಿನ ಅಂಕಿಯನ್ನೂ ದಿನಾಂಕ ಹಾಕಿ ಬರೆದಿಡಿ. ಒಣಕೆಮ್ಮು ಹೊಸದಾಗಿ ಶುರುವಾದರೆ, ಜ್ವರ ಬಂದರೆ, ನಿನ್ನೆ ಹತ್ತಿದ ಮೆಟ್ಟಿಲು ಇವತ್ತು ಆಗದಿದ್ದರೆ, ನಡೆದಾಗಿನ ಅಂಕಿ ಎಂದಿಗಿಂತ ನಾಲ್ಕೈದು ಇಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತುರ್ತು ವಿಭಾಗದವರು ಮೊದಲು ನ್ಯುಮೋನಿಯಾ ಎಂದೇ ಯೋಚಿಸುತ್ತಾರೆ. ಫೈಬ್ರೋಸಿಸ್ ಇದೆ ಎಂಬುದನ್ನೂ, ಯಾವ ಚಿಕಿತ್ಸೆ ಯಾವ ದಿನ ಮುಗಿಯಿತು ಎಂಬುದನ್ನೂ ಅವರು ಕೇಳುವ ಮುಂಚೆಯೇ ಹೇಳಿ, ಹಿಂದಿನ ಸ್ಕ್ಯಾನಿನ ಸಿಡಿಯನ್ನು ಕೈಗೆ ಕೊಡಿ.